ಡಂಗುರದವನ ಹೆಸರಿಗೆ ಡಂಗುರ

“ಗುರುಗಳೇ, ಇಂದಿನಿಂದ ನನಗೆ ಮನೆತನದ ಹೆಸರಿಲ್ಲ. ಇನ್ನಾದರೂ ನಾನು ಎಲ್ಲರಲ್ಲಿ ಒಬ್ಬನಾದೆನೇ?”

ಶಿಷ್ಯನು ಮಠದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಬಂದಿದ್ದನು. ಕೇಳುವಾಗ ಅವನ ಉಸಿರು ಇನ್ನೂ ಏರಿಳಿಯುತ್ತಿತ್ತು. ಕೈಯಲ್ಲಿ ರಾಜ್ಯಪತ್ರದ ಒಂದು ಹಾಳೆಯಿತ್ತು. ನೋಟರಿಯ ಮುಂದೆ ಪ್ರಮಾಣಪತ್ರ ಮಾಡಿಸಿ, ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು, ಆರು ತಿಂಗಳು ಕಚೇರಿಗೆ ಅಲೆದು ಅವನು ಅದನ್ನು ಪಡೆದಿದ್ದನು. ನಿನ್ನೆಯವರೆಗೆ ಅವನು ಶಿವಪುತ್ರ ವಾಡೇದ. ವಾಡೆಯೆಂದರೆ ಆ ಸೀಮೆಯಲ್ಲಿ ಹಿಂದೆ ಅಧಿಕಾರ ನಡೆಸಿದ ಮನೆ. ಆ ಹೆಸರು ಕಿವಿಗೆ ಬಿದ್ದರೆ ಕುಳಿತವರು ಇಂದಿಗೂ ಏಳುತ್ತಿದ್ದರು. ತನಗಾಗಿ ಮುದುಕರು ಏಳುವುದನ್ನು ನೋಡಿ ನೋಡಿ ಅವನಿಗೆ ನಾಚಿಕೆಯಾಗಿತ್ತು. ಇಂದು ಅವನು ಬರಿಯ ಶಿವಪುತ್ರ.

ಗುರುಗಳು ಕನ್ನಡಕ ಹುಡುಕಿ ಹಾಕಿಕೊಂಡು, ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ ಅದನ್ನು ಅವನ ಕೈಗೆ ಮರಳಿಸಿದರು.

“ಒಳ್ಳೆಯ ಕೆಲಸ. ಕುಳಿತುಕೋ,” ಎಂದು ಈ ಕತೆಯನ್ನು ಹೇಳಿದರು.

ಒಂದು ರಾಜ್ಯವಿತ್ತು. ಅಲ್ಲಿ ಯಾರು ಬೇಕಾದರೂ ತಮ್ಮ ಮನೆತನದ ಹೆಸರನ್ನು ಬದಲಿಸಿಕೊಳ್ಳಬಹುದಿತ್ತು. ಚಾವಡಿಯಲ್ಲಿ ಅರ್ಜಿ ಕೊಟ್ಟರೆ ಅಧಿಕಾರಿಯು ಮುದ್ರೆಯೊತ್ತಿದ ಆಜ್ಞೆ ಕೊಡುವನು. ಆದರೆ ಆಜ್ಞೆ ಕೈಗೆ ಬಂದಷ್ಟಕ್ಕೆ ಹೆಸರು ಬದಲಾಗದು. ಮೂರು ಸಂತೆಗಳೊಳಗೆ, ಹೊತ್ತು ಮುಳುಗುವ ಮುನ್ನ, ಊರ ತಮಟೆಯನ್ನು ಹೆಗಲಿಗೆ ಹಾಕಿ, ಮೂರು ಪೆಟ್ಟು ಹೊಡೆದು, ಹಳೆಯ ಹೆಸರನ್ನೂ ಹೊಸ ಹೆಸರನ್ನೂ ಸಂತೆಯ ನಡುವೆ ಸಾರಬೇಕು. ಪೆಟ್ಟು ಊರಬಾಗಿಲಿನವರೆಗೆ ಕೇಳಬೇಕು. ಇನ್ನೂ ಒಂದು ನಿಯಮವಿತ್ತು. ತನ್ನ ಹೆಸರನ್ನು ತಾನೇ ಸಾರಿಕೊಳ್ಳುವಂತಿಲ್ಲ. ಬೇರೆ ಮನೆತನದವರು ಸಾರಬೇಕು. ಹೆಸರೆಂಬುದು ಇನ್ನೊಬ್ಬರು ನಮ್ಮನ್ನು ಕರೆಯುವುದಕ್ಕೆ ಇರುವುದು ತಾನೇ? ಆದ್ದರಿಂದ ಈ ನಿಯಮ ಎಲ್ಲರಿಗೂ ಸರಿಯೆನಿಸಿತ್ತು.

ಆ ರಾಜ್ಯದ ಒಂದು ಊರಿನಲ್ಲಿ ಒಬ್ಬ ಡಂಗುರದವನಿದ್ದನು. ಮನೆತನದ ಹೆಸರೇ ಡಂಗುರದ. ಆ ಹೆಸರಿನ ಮನೆಯವರೇ ತಮಟೆ ಹೊರಬೇಕೆಂಬುದು ಕಟ್ಟಳೆ. ಉಳಿದವರು ಅದನ್ನು ಮುಟ್ಟರು. ಸತ್ತ ದನದ ಚರ್ಮವದು, ಮುಟ್ಟಿದರೆ ಮೈಲಿಗೆ ಎನ್ನುವರು. ತಮಟೆ ಮುಟ್ಟಿದವನನ್ನೂ ಮುಟ್ಟರು. ಆದರೆ ಅದರ ಸದ್ದು ಮಾತ್ರ ಎಲ್ಲರಿಗೂ ಬೇಕು. ಎತ್ತು ಕಳೆದರೆ ಬೇಕು, ಕೆರೆಯ ತೂಬು ಎತ್ತಿದರೆ ಬೇಕು, ಹೆಸರು ಬದಲಾದರಂತೂ ಬೇಕೇ ಬೇಕು.

ಇಪ್ಪತ್ತು ವರ್ಷಗಳಲ್ಲಿ ಅವನು ಎಷ್ಟೋ ಹೆಸರುಗಳನ್ನು ಸಾರಿದ್ದನು. ಒಬ್ಬ ಬೆಲ್ಲದ ವ್ಯಾಪಾರಿಯಿದ್ದನು. ಅವನ ಅಂಗಡಿಗೆ ಮುತ್ತುತ್ತಿದ್ದ ನೊಣಗಳಿಂದಾಗಿ ಆ ಮನೆಗೆ ನೊಣದವರೆಂದು ಹೆಸರು ಬಿದ್ದಿತ್ತು. ಡಂಗುರದವನು ಮೂರು ಪೆಟ್ಟು ಹೊಡೆದು ಅವರನ್ನು ಮುತ್ತಿನವರನ್ನಾಗಿ ಮಾಡಿದನು. ಒಬ್ಬ ರೈತನಿದ್ದನು, ಕುಂಟೆತ್ತಿನವರ ಮನೆಯವನು. ಮತ್ತೆ ಮೂರು ಪೆಟ್ಟಿಗೆ ಅವನು ನಂದಿಯವರ ಮನೆಯವನಾದನು. ಪ್ರತಿ ಬಾರಿಯೂ ಮೂರನೆಯ ಪೆಟ್ಟು ಬಿದ್ದೊಡನೆ ಡಂಗುರದವನು ಹೆಸರು ಪಡೆದವನ ಮುಖವನ್ನು ನೋಡುತ್ತಿದ್ದನು. ಹಬ್ಬಕ್ಕೆ ಸುಣ್ಣ ಬಳಿದ ಗೋಡೆಯಂತೆ ಆ ಮುಖ ಬೆಳಗುತ್ತಿತ್ತು. ಬಳಿಕ ಯಾರೋ ಒಬ್ಬರು ದೂರದಿಂದ ಡಂಗುರದವನು ಒಡ್ಡಿದ ಹೆಗಲವಸ್ತ್ರಕ್ಕೆ ಒಂದು ಬೆಲ್ಲದ ಚೂರನ್ನು ಎಸೆಯುತ್ತಿದ್ದರು.

ಅವನಿಗೆ ಒಬ್ಬಳೇ ಮಗಳು. ಯುಗಾದಿಗೆ ಅವಳಿಗೆ ಹದಿನಾರು ತುಂಬುವುದು. ಯುಗಾದಿಯಂದೇ ಊರಿನ ಕಾಯಕಗಳ ಪಟ್ಟಿಯನ್ನು ಹೊಸದಾಗಿ ಬರೆಯುವರು. ಆ ಪಟ್ಟಿಯಲ್ಲಿ ಡಂಗುರದ ಎಂದು ಅವಳ ಹೆಸರು ಸೇರಿದರೆ, ಅವಳ ಕೈಹಿಡಿದವನೂ, ಅವಳ ಮಕ್ಕಳೂ, ಮಕ್ಕಳ ಮಕ್ಕಳೂ ತಮಟೆಗೆ ಕಟ್ಟುಬಿದ್ದಂತೆ. ಅಷ್ಟರೊಳಗೆ ಹೆಸರು ಬದಲಾದರೆ ಅವಳು ಬಿಡುಗಡೆಯಾದಂತೆ.

ಒಂದು ದಿನ ಅವನು ಅಂಗಳದಲ್ಲಿ ಹುಲ್ಲಿನ ಬೆಂಕಿಗೆ ತಮಟೆ ಕಾಯಿಸುತ್ತ ಮಗಳನ್ನು ಕೇಳಿದನು.

“ಊರವರೆಲ್ಲ ಬದಲಿಸಿಕೊಂಡರು. ನಾವೂ ಬದಲಿಸಿಕೊಂಡರೆ ಹೇಗೆ, ಮಗಳೇ?”

“ಏನಂತ ಬದಲಿಸುತ್ತೀ ಅಪ್ಪಾ? ಮುತ್ತು, ರತ್ನ ಎಲ್ಲ ಆಗಲೇ ಬೇರೆಯವರು ಎತ್ತಿಕೊಂಡಾಯಿತು.”

“ನೀನೇ ಹೇಳು.”

ಅವಳು ಸುತ್ತ ನೋಡಿದಳು. ಮನೆಯ ಮುಂದೆ ಒಂದು ಹೊಂಗೆಮರವಿತ್ತು. ಬೇಸಗೆಯಲ್ಲಿ ಊರಿನ ದನಗಳೆಲ್ಲ ಅದರಡಿಗೆ ಬಂದು ಮಲಗುತ್ತಿದ್ದವು.

“ಹೊಂಗೆಮರದವರು ಅಂತಾಗೋಣ. ಮೈಲಿಗೆಗೆ ಹೆದರದೆ ನಮ್ಮ ಮನೆಗೆ ಬರುವುದು ಊರಿನ ಆ ದನಗಳು ಮಾತ್ರ. ಅವಕ್ಕಾದರೂ ಗುರುತು ಸಿಗಲಿ.”

ಅಪ್ಪನೂ ಮಗಳೂ ಬಿದ್ದು ಬಿದ್ದು ನಕ್ಕರು. ಮರುದಿನವೇ ಅವನು ಅರ್ಜಿ ಕೊಟ್ಟನು.

ಚಾವಡಿಗೆ ಹೊಸದಾಗಿ ಬಂದಿದ್ದ ಅಧಿಕಾರಿ ನ್ಯಾಯವಂತನು. ಅರ್ಜಿಯನ್ನು ಓದಿ, “ಇದಕ್ಕೆ ಇಷ್ಟು ವರ್ಷ ಕಾದೆಯಾ?” ಎಂದು ಕೇಳಿ, ಅಲ್ಲಿಯೇ ಮುದ್ರೆಯೊತ್ತಿದನು. ಡಂಗುರದವನು ಆಜ್ಞೆಯನ್ನು ಎದೆಗೆ ಒತ್ತಿಕೊಂಡು ಹೊರಬಂದನು. ಇಪ್ಪತ್ತು ವರ್ಷ ನಡೆದ ಬೀದಿಯಲ್ಲಿ ಅಂದು ಓಡಿದನು. “ಸಿಕ್ಕಿತು, ಸಿಕ್ಕಿತು!” ಎಂದು ಕೂಗಿದನು. ತಮಟೆಯಿಲ್ಲದೆ ಅವನ ದನಿಯನ್ನು ಊರು ಕೇಳಿದ್ದು ಅದೇ ಮೊದಲು. ಏನು ಕಳೆದಿತ್ತೋ, ಏನು ಸಿಕ್ಕಿತೋ ಎಂದು ಜನ ಬಾಗಿಲಿಗೆ ಬಂದು ನೋಡಿದರು.

ಮೊದಲನೆಯ ಸಂತೆಯಂದು ಅವನು ಬೆಲ್ಲದ ವ್ಯಾಪಾರಿಯ ಅಂಗಡಿಯ ಮುಂದೆ, ನಿಲ್ಲಬೇಕಾದಷ್ಟು ದೂರದಲ್ಲಿ, ನಿಂತು ವಿಷಯ ತಿಳಿಸಿದನು. ವ್ಯಾಪಾರಿಗೆ ನಿಜವಾಗಿಯೂ ಸಂತೋಷವಾಯಿತು.

“ಭಲೇ! ನೊಣವೇ ಮುತ್ತಾದ ಮೇಲೆ ನೀನು ಮರವಾಗಬಾರದೇ? ಸಂತೆಗೆಲ್ಲ ಬೆಲ್ಲ ಹಂಚುವುದು ನನ್ನ ಪಾಲು, ಹೋಗು!”

“ಧಣಿ, ಬೆಲ್ಲ ಆಮೇಲಾಗಲಿ. ತಮಟೆ ಹೊತ್ತು ಸಾರುವವರು ಒಬ್ಬರು ಬೇಕು. ತಮ್ಮ ಹೆಸರನ್ನು ನಾನು ಸಾರಿದ್ದೆ...”

ವ್ಯಾಪಾರಿಯ ಕೈ ತಾನಾಗಿ ತನ್ನ ಹೆಗಲಿಗೆ ಹೋಯಿತು. “ಈ ಕೀಲು ನೋವು ನೋಡು, ಹೋದ ತಿಂಗಳಿನಿಂದ,” ಎಂದನು. “ಪಕ್ಕದೂರಿನ ತಮಟೆಯವನನ್ನು ಕರೆಸಿಕೋ.”

ಪಕ್ಕದೂರಿನ ತಮಟೆಯವನ ಮನೆತನವೂ ಡಂಗುರದ. ಅದರಾಚೆಯವನದೂ ಡಂಗುರದ. ಹತ್ತೂರು ತಿರುಗಿದರೂ ತಮಟೆ ಮುಟ್ಟುವವರೆಲ್ಲ ಅದೇ ಹೆಸರಿನವರು. ಬೇರೆ ಹೆಸರಿನವರು ಯಾರೂ ತಮಟೆ ಮುಟ್ಟುವವರಲ್ಲ. ಮೊದಲನೆಯ ಸಂತೆ ಮುಗಿಯಿತು.

ಎರಡನೆಯ ಸಂತೆಗೆ ಸುದ್ದಿ ಊರೆಲ್ಲ ಹಬ್ಬಿತ್ತು. ಚಾವಡಿಯ ಕಟ್ಟೆಯ ಮೇಲೆ ತಮಟೆಯನ್ನಿಟ್ಟು ಡಂಗುರದವನು ಕೈಕಟ್ಟಿ ನಿಂತನು. ನಂದಿಯವರ ಮನೆಯ ರೈತನು ಮುಂದೆ ಬಂದು ಅಧಿಕಾರಿಗೆ ಹೇಳಿದನು.

“ಸ್ವಾಮಿ, ತಮಟೆ ಯಾಕೆ? ಬಾಯಿಯಿಂದಲೇ ಕೂಗುತ್ತೇನೆ. ನನ್ನ ಗಂಟಲಿಗೆ ಎಂಟು ಎತ್ತು ಬೆಚ್ಚುತ್ತವೆ.”

“ಮೂರು ಪೆಟ್ಟು ಬೀಳಲೇಬೇಕು,” ಎಂದನು ಅಧಿಕಾರಿ.

“ಹಾಗಾದರೆ ತಮಟೆಯನ್ನು ಅವನೇ ಹೊತ್ತುಕೊಳ್ಳಲಿ. ನಾನೊಂದು ಉದ್ದನೆಯ ಬಿದಿರಿನ ಕೋಲು ತರುತ್ತೇನೆ, ದೂರದಿಂದ ಬಡಿಯುತ್ತೇನೆ.”

“ಹುಣಸೆಹಣ್ಣು ಉದುರಿಸುತ್ತೀಯೇನೋ?” ಎಂದು ಗುಂಪಿನಲ್ಲಿ ಯಾರೋ ಕೂಗಿದರು. ಸಂತೆಗೆ ಸಂತೆಯೇ ನಕ್ಕಿತು. ಡಂಗುರದವನೂ ನಕ್ಕನು. ರೈತನ ಮುಖ ಕೆಂಪಾಯಿತು. ಅವನು ಕೆಟ್ಟವನಲ್ಲ. ಕೋಲು ಎಷ್ಟು ಉದ್ದವಿದ್ದರೆ ಸಾಕು ಎಂದು ನಿಜವಾಗಿಯೂ ಲೆಕ್ಕ ಹಾಕಿಕೊಂಡು ಬಂದಿದ್ದನು. ಎರಡನೆಯ ಸಂತೆಯೂ ಮುಗಿಯಿತು.

ಮೂರನೆಯ ಸಂತೆಯಂದು ಅಂಗಡಿಗಳಲ್ಲಿ ವ್ಯಾಪಾರವೇ ನಡೆಯಲಿಲ್ಲ. ಜನರೆಲ್ಲ ಚಾವಡಿಯ ಮುಂದಿದ್ದರು. ಮಕ್ಕಳು ಮರವೇರಿದ್ದರು. ಹೆಂಗಸರು ಅಕ್ಕಪಕ್ಕದ ಜಗಲಿಗಳ ಮೇಲೆ ನಿಂತಿದ್ದರು. ವ್ಯಾಪಾರಿಯು ಹೇಳಿದ ಮಾತಿನಂತೆ ಎರಡು ಬುಟ್ಟಿ ಬೆಲ್ಲ ತರಿಸಿದ್ದನು. ಅಧಿಕಾರಿಯು ಎದ್ದು, “ಈ ಹೆಸರಿಗೆ ಯಾರದಾದರೂ ತಕರಾರಿದೆಯೇ?” ಎಂದು ಕೇಳಿದನು.

“ಇಲ್ಲ!” ಎಂದು ಊರು ಒಂದೇ ಕೊರಳಿನಲ್ಲಿ ಕೂಗಿತು.

ಡಂಗುರದವನ ಎದೆ ಹಿಗ್ಗಿತು. ಇಷ್ಟು ಜನ ತನ್ನ ಪರವಾಗಿದ್ದಾರೆಂದು ಅವನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಆಗ ಊರಿನ ವಿದ್ವಾಂಸನು ಕಟ್ಟೆಯೇರಿದನು. ಹೆಸರುಗಳಲ್ಲಿ ಮೇಲಿಲ್ಲ, ಕೀಳಿಲ್ಲ ಎಂದನು. ಒಂದೇ ಗಾಳಿ ಎಲ್ಲರ ಬಾಯಲ್ಲಿ ಹೆಸರಾಗುತ್ತದೆ ಎಂದನು. ಕೇಳಿದವರ ಕಣ್ಣು ಒದ್ದೆಯಾಯಿತು. ಮಾತನಾಡುವಾಗ ಅವನು ತಮಟೆಯಿಂದ ಒಂದು ಗೇಣು ದೂರದಲ್ಲಿದ್ದನು. ಮುಗಿಸಿ, ಪಂಚೆಯ ಅಂಚು ಅದಕ್ಕೆ ತಾಗದಂತೆ ಎತ್ತಿ ಹಿಡಿದು, ಇಳಿದುಬಂದನು. ಚಪ್ಪಾಳೆ ಬಹಳ ಹೊತ್ತು ನಡೆಯಿತು. ಕೊನೆಗೆ ಚಪ್ಪಾಳೆಯೂ ನಿಂತಿತು. ಕೈಗಳು ಅವರವರ ಮಗ್ಗುಲಿಗೆ ಮರಳಿದವು.

ಹೊತ್ತು ಇಳಿಯಿತು. ಮರಗಳ ನೆರಳು ಚಾವಡಿಯನ್ನು ದಾಟಿತು. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಇಷ್ಟು ಜನರಲ್ಲಿ ಯಾರಾದರೊಬ್ಬರು ಎತ್ತಿಯೇ ಎತ್ತುತ್ತಾರೆಂದು ಪ್ರತಿಯೊಬ್ಬರೂ ನಂಬಿದ್ದರು. ಆ ನಂಬಿಕೆಯಿಂದಲೇ ಎಲ್ಲರೂ ನಿಂತಲ್ಲಿ ನಿಂತಿದ್ದರು.

ಡಂಗುರದವನು ಮಗಳತ್ತ ನೋಡಿದನು. ಅವಳು ತುಟಿ ಕಚ್ಚಿ ಸೂರ್ಯನನ್ನೇ ನೋಡುತ್ತಿದ್ದಳು. ಆಗ ಅವನು ಬಾಯಿ ತೆರೆದನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು.

“ಅಣ್ಣಂದಿರಾ, ಈ ತಮಟೆ ಇಷ್ಟು ಭಾರವೆಂದು ನನಗೆ ಗೊತ್ತೇ ಇರಲಿಲ್ಲ. ಇಪ್ಪತ್ತು ವರ್ಷ ಹಗುರವಾಗಿಯೇ ಇತ್ತಲ್ಲ.”

ಬೆಲ್ಲದಂಗಡಿಯ ಜಗಲಿಯಿಂದ ಒಬ್ಬ ಹೆಣ್ಣುಮಗಳು ಇಳಿದಳು. ಅವಳು ವ್ಯಾಪಾರಿಯ ಸೊಸೆ, ಮೂರು ವರ್ಷದ ಹಿಂದೆ ಆ ಊರಿಗೆ ಬಂದವಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೆಟ್ಟಗೆ ಕಟ್ಟೆಯತ್ತ ನಡೆದಳು.

“ಏ ಹುಡುಗೀ, ಒಳಗೆ ನಡಿ!” ಎಂದು ವ್ಯಾಪಾರಿಯು ಕೂಗಿದನು.

“ಬಂದೆ ಮಾವಾ. ಅಷ್ಟರಲ್ಲಿ ನೀವು ಬೆಲ್ಲ ಒಡೆದಿಡಿ.”

“ಹೆಂಗಸು ಸಾರುವುದುಂಟೇ?” ಎಂದು ಯಾರೋ ಅಧಿಕಾರಿಯನ್ನು ಕೇಳಿದರು.

ಅಧಿಕಾರಿಯು ಶಾಸನದ ಓಲೆಯನ್ನು ಬಿಚ್ಚಿ ನೋಡಿದನು. “ಹೆಗಲು ಬೇಕು ಎಂದಿದೆ. ಯಾರ ಹೆಗಲು ಎಂದು ಬರೆದಿಲ್ಲ,” ಎಂದನು. “ಆದರೆ ತಾಯೀ, ಇದು ನಿನಗೆ ಯಾಕೆ ಬೇಕು?”

“ತವರಿನ ಹೆಸರನ್ನು ಹೊಸ್ತಿಲಾಚೆ ಬಿಟ್ಟು ಬಂದೆ, ಸ್ವಾಮಿ. ಬಂದಾಗ ನೊಣವಾದೆ, ಆಮೇಲೆ ಮುತ್ತಾದೆ. ಎರಡನ್ನೂ ನನ್ನನ್ನು ಕೇಳಿ ಇಟ್ಟಿದ್ದಲ್ಲ. ಇವನೊಬ್ಬ ತಾನೇ ಬೇಕೆಂದು ಕೇಳಿ ಇಟ್ಟುಕೊಳ್ಳುತ್ತಿದ್ದಾನೆ. ಆ ಹೆಸರನ್ನಾದರೂ ಬಾಯಿ ತುಂಬ ಕೂಗೋಣ ಅನಿಸಿತು.”

ಹೀಗೆಂದು ಅವಳು ತಮಟೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

ಜನ ಒಂದು ಹೆಜ್ಜೆ ಹಿಂದೆ ಸರಿದರು. ಅವಳು ಕೋಲು ಬೀಸಿದಳು. ಬೊದ್ ಎಂದಿತು, ಒದ್ದೆ ಮೂಟೆಗೆ ಹೊಡೆದಂತೆ. ಬೆಳಗಿನಿಂದ ಬಯಲಿನಲ್ಲಿದ್ದ ಚರ್ಮ ಸಂಜೆಯ ತಂಪಿಗೆ ಸಡಿಲಿತ್ತು. ಆ ಸದ್ದು ಊರಬಾಗಿಲಿರಲಿ, ಮುಂದಿನ ಅಂಗಡಿಗೂ ಮುಟ್ಟಲಿಲ್ಲ. ಅಧಿಕಾರಿಯು ಸಾಲದೆಂದು ತಲೆಯಾಡಿಸಿದನು. ಸೂರ್ಯನು ಗುಡ್ಡದ ನೆತ್ತಿಗೆ ತಾಗಿದ್ದನು.

“ಬೆಂಕಿ!” ಎಂದು ಡಂಗುರದವನು ಕೂಗಿದನು. “ಕಾಯಿಸಬೇಕು ತಾಯೀ, ಕಾಯಿಸಿದರೆ ಬಿಗಿಯುತ್ತದೆ. ಸ್ವಾಮಿ, ನಾನು ಕಾಯಿಸಬಹುದೇ?”

“ಕಾಯಿಸು. ಸಾರಬೇಡ.”

ಡಂಗುರದವನು ಸುತ್ತ ನೋಡಿದನು; ಹುಲ್ಲಿರಲಿಲ್ಲ. ಆಗ ನಂದಿಯವರ ರೈತನು ಗುಂಪನ್ನು ಸೀಳಿಕೊಂಡು ತನ್ನ ಗಾಡಿಗೆ ಓಡಿದನು. ಎತ್ತಿಗೆ ತಂದಿದ್ದ ಹುಲ್ಲಿನ ಹೊರೆಯನ್ನೇ ಎತ್ತಿ ತಂದು ಅವನ ಮುಂದೆ ಕೆಡವಿದನು. ಅವಸರದಲ್ಲಿ ನಿಲ್ಲಬೇಕಾದ ದೂರವನ್ನು ಮರೆತನು. ಇಬ್ಬರ ಭುಜಗಳು ಢಿಕ್ಕಿ ಹೊಡೆದವು. ಯಾರೋ ಕೊಳ್ಳಿ ತಂದರು. ಹುಲ್ಲು ಭುಗ್ಗೆಂದಿತು. ಡಂಗುರದವನು ತಮಟೆಯನ್ನು ಉರಿಯ ಮೇಲೆ ತಿರುಗಿಸಿದನು, ಬೆರಳಿನಿಂದ ಬಡಿದು ನೋಡಿದನು, ಮತ್ತೆ ತಿರುಗಿಸಿದನು. “ಬೇಗ, ಬೇಗ!” ಎಂದು ಮರದ ಮೇಲಿನ ಮಕ್ಕಳು ಅರಚಿದರು. “ಅರ್ಧ ಉಳಿದಿದೆ! ಗೇಣು ಉಳಿದಿದೆ!” ಎಂದು ಸೂರ್ಯನನ್ನು ನೋಡಿ ನೋಡಿ ಹೇಳಿದರು.

ಚರ್ಮ ಟಣ್ ಎಂದಿತು. ಅವನು ತಮಟೆಯನ್ನು ಅವಳ ಕೈಗಿತ್ತನು.

“ಎಡಗೈಯ ಕಡ್ಡಿ ಸುಮ್ಮನೆ ಒರಗಿರಲಿ ತಾಯೀ. ಬಲಗೈಯನ್ನು ಬಿಡಿ, ನಾಚಬೇಡಿ.”

ಅವಳು ನಾಚಲಿಲ್ಲ. ಮೊದಲನೆಯ ಪೆಟ್ಟಿಗೆ ಮರದ ಹಕ್ಕಿಗಳೆದ್ದವು. ಎರಡನೆಯದಕ್ಕೆ ರೈತನ ಎತ್ತುಗಳು ಕೊರಳು ಕೊಡವಿದವು. ಮೂರನೆಯದು ಊರಬಾಗಿಲಿಗೆ ತಾಗಿ ಮರಳಿ ಬಂತು.

“ಕೇಳಿರಯ್ಯಾ ಕೇಳಿರಿ! ನಿನ್ನೆಯವರೆಗೆ ಡಂಗುರದವರು, ಇಂದಿನಿಂದ ಹೊಂಗೆಮರದವರು!”

ಡಂಗುರದವನು ಇಪ್ಪತ್ತು ವರ್ಷ ಇತರರ ಮುಖಗಳನ್ನು ನೋಡಿದ್ದನು. ತನ್ನ ಮುಖ ಹೇಗಾಯಿತೆಂದು ಅವನಿಗೆ ತಿಳಿಯಲಿಲ್ಲ. ಮಗಳು ಮಾತ್ರ ಅದನ್ನೇ ನೋಡುತ್ತ, ನಗುತ್ತ, ಅಳುತ್ತ ನಿಂತಿದ್ದಳು. ಆ ಯುಗಾದಿಯ ಪಟ್ಟಿಯಲ್ಲಿ ತಮಟೆಯ ಮುಂದೆ ಅವಳ ಹೆಸರನ್ನು ಬರೆಯಲಾಗಲಿಲ್ಲ.

ಆ ಸಂಜೆ ವ್ಯಾಪಾರಿಯು ಬೆಲ್ಲ ಹಂಚಲಿಲ್ಲ. ಸೊಸೆಯ ತಟ್ಟೆಯನ್ನು ಹೊರಗಿನ ಪಡಸಾಲೆಗೆ ಇಡಿಸಿದನು. ಗಂಡನು ಒಂದು ವಾರ ತಲೆತಗ್ಗಿಸಿ ಒಳಗೆ ಉಂಡನು. ಎಂಟನೆಯ ದಿನ ತನ್ನ ತಟ್ಟೆಯನ್ನೂ ಹೊರಗೆ ತಂದನು. ಬಾವಿಯಲ್ಲಿ ಹೆಂಗಸರು ಅವಳನ್ನು ಕಂಡು ಕೊಡಗಳನ್ನು ಸರಿಸಿಕೊಂಡರು. ಊರು ಅವಳಿಗೆ ಡಂಗುರದವಳು ಎಂದು ಹೆಸರಿಟ್ಟಿತು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿನಲ್ಲಿಯೇ. “ಏ ಡಂಗುರದವಳೇ” ಎಂದು ಕರೆದರೆ ಅವಳು “ಓ” ಎನ್ನುತ್ತಿದ್ದಳು. ಬದಲಿಸಿಕೊಳ್ಳಲು ಕಾನೂನಿತ್ತು. ಅವಳು ಸಾಯುವವರೆಗೆ ಅರ್ಜಿ ಕೊಡಲಿಲ್ಲ.

ಗುರುಗಳು ಕತೆಯನ್ನು ನಿಲ್ಲಿಸಿದರು.

ಶಿವಪುತ್ರನು ಆಗಲೇ ಎದ್ದು ನಿಂತಿದ್ದನು. ಅವನ ಕಣ್ಣುಗಳು ಹೊಳೆಯುತ್ತಿದ್ದವು. “ಎಂಥ ಹೆಣ್ಣುಮಗಳು, ಗುರುಗಳೇ!” ಎಂದನು. “ನಾನೂ ಅದೇ ದಾರಿಯಲ್ಲಿದ್ದೇನಲ್ಲವೇ? ದೊಡ್ಡ ಮನೆಯ ಹೆಸರನ್ನು ಅವಳೂ ಲೆಕ್ಕಿಸಲಿಲ್ಲ, ನಾನೂ ಲೆಕ್ಕಿಸಲಿಲ್ಲ!”

ಗುರುಗಳು ಕನ್ನಡಕವನ್ನು ತೆಗೆದು ಮಡಚಿಟ್ಟರು.

“ನಿನ್ನ ಹೆಸರನ್ನು ಇಳಿಸಿದೆ, ಸರಿ, ಯಾರ ತಮಟೆಯನ್ನು ಹೊತ್ತೆ?”